ಹಲ್ಲು ಕಟ್ಟುವವಳ ಮೇಜಿಗೆ ಬಂದ ಬಾವಿ ಆಮೆ

ದನದ ಡಾಕ್ಟರು ಬಿದಿರಿನ ಬುಟ್ಟಿಯೊಂದನ್ನು ತಂದು ನನ್ನ ಕೆಲಸದ ಮೇಜಿನ ಮೇಲೆ, ಆ ಸಂಜೆಯೇ ತಲುಪಿಸಬೇಕಿದ್ದ ಎರಡು ಹಲ್ಲಿನ ಸೆಟ್ಟುಗಳ ಪಕ್ಕದಲ್ಲಿಟ್ಟರು. ಬುಟ್ಟಿಯಲ್ಲಿ ಒದ್ದೆ ಗೋಣಿ, ಗೋಣಿಯೊಳಗೆ ತಿಂಡಿ ತಟ್ಟೆಯಷ್ಟು ಅಗಲದ ಕಪ್ಪು ಆಮೆ. ಅದರ ಬೆನ್ನಿನ ಚಿಪ್ಪು ಕುತ್ತಿಗೆಯ ಬಳಿಯಿಂದ ನಡುಬೆನ್ನಿನವರೆಗೆ ಸೀಳಿತ್ತು. ಸೀಳಿನ ಒಂದು ಅಂಚು ಕಡಲೆಬೇಳೆಯ ದಪ್ಪದಷ್ಟು ಒಳಕ್ಕೆ ಕುಸಿದಿತ್ತು. ಆಮೆ ಉಸಿರಾಡಿದಾಗಲೆಲ್ಲ ಆ ಸಂದಿಯಲ್ಲಿ ಒಂದು ಸಣ್ಣ ಗುಳ್ಳೆ ಎದ್ದು ಒಡೆಯುತ್ತಿತ್ತು.

“ಒಡೆದ ಸೆಟ್ ಕೂಡಿಸ್ತೀರಲ್ಲ ಮೇಡಂ, ಹಂಗೇ ಇದನ್ನೂ ಕೂಡಿಸ್ಕೊಡಿ,” ಅಂದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಚಾಮರಾಜಪೇಟೆಯಲ್ಲಿ ಒಂದು ಮನೆಯ ಹಿಂಬದಿಯ ಕೋಣೆ ಬಾಡಿಗೆಗೆ ಹಿಡಿದು ನಾನು ಹಲ್ಲು ಕಟ್ಟುವ ಕೆಲಸ ಮಾಡುತ್ತಿದ್ದೆ. ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ಕಳಿಸುತ್ತಾರೆ. ನಾನು ಆ ಅಚ್ಚಿಗೆ ಸರಿಯಾಗಿ ಒಸಡು, ಹಲ್ಲು, ತಂತಿ ಕೂರಿಸಿ ವಾಪಸು ಕಳಿಸುತ್ತೇನೆ. ಬೋರ್ಡಿನ ಮೇಲೆ ಡೆಂಟಲ್ ಮೆಕ್ಯಾನಿಕ್ ಎಂದು ಬರೆಸಿದ್ದೆ. ಅದನ್ನು ಅರ್ಧ ಓದಿ ಸ್ಕೂಟರ್ ತಳ್ಳಿಕೊಂಡು ಬಂದವರೂ ಇದ್ದರು. ಅಂದು ಕಾರ್ತಿಕ ಮಾಸ ಬೇರೆ. ಬಸವನಗುಡಿಯ ಕಡಲೆಕಾಯಿ ಪರಿಷೆಯೊಳಗೆ ಸೆಟ್ ಬೇಕೇ ಬೇಕೆಂದು ಹಟ ಹಿಡಿಯುವ ಹಿರಿಯರು ಪ್ರತಿವರ್ಷವೂ ಇರುತ್ತಾರೆ. ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆಯನ್ನು ಸುಳ್ಳು ಮಾಡುವ ಹೊಣೆ ನನ್ನ ಮೇಲಿತ್ತು. ಆಮೆಗೆ ನನ್ನ ಬಳಿ ಪುರುಸೊತ್ತಿರಲಿಲ್ಲ.

ಹಾಗೆಂದು ಹೇಳಬೇಕು ಅನ್ನುವಷ್ಟರಲ್ಲಿ ಡಾಕ್ಟರ ಹಿಂದೆ, ಹೊಸ್ತಿಲಿನಾಚೆಯೇ ನಿಂತಿದ್ದ ಹೆಂಗಸನ್ನು ನೋಡಿದೆ. ಅರವತ್ತು ದಾಟಿದ್ದರು. ಸೀರೆಯ ನೆರಿಗೆ ಮೊಣಕಾಲಿನವರೆಗೂ ಒದ್ದೆಯಾಗಿತ್ತು. ಬಸವನಗುಡಿಯವರು, ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು ಎಂದು ಡಾಕ್ಟರು ಹೇಳಿದರು. ಆಮೆ ಅವರ ಹಿತ್ತಲ ಬಾವಿಯದು. ನೀರು ಶುದ್ಧವಾಗಿರಲಿ ಎಂದು ಬಾವಿಗೆ ಆಮೆ ಬಿಡುವ ಪದ್ಧತಿ ಆ ಕಡೆಯ ಹಳೆ ಮನೆಗಳಲ್ಲಿತ್ತು. ಟೀಚರಮ್ಮ ಮದುವೆಯಾಗಿ ಬಂದ ವರ್ಷ ಅವರ ಅತ್ತೆ ಅಂಗೈ ಅಗಲದ ಮರಿಯನ್ನು ತಂದು ಬಿಟ್ಟಿದ್ದರಂತೆ. ಹೆಸರು ಗಂಗಿ. ಮೂವತ್ತು ವರ್ಷಕ್ಕೂ ಮೇಲೆ ದಿನಾ, ತಾವು ಊಟಕ್ಕೆ ಕೂರುವ ಮೊದಲು, ಟೀಚರಮ್ಮ ಬಾವಿಕಟ್ಟೆಗೆ ಬಾಗಿ ಅದರ ಹೆಸರು ಕೂಗಿ ಒಂದು ಹಿಡಿ ಅನ್ನ ಹಾಕುತ್ತಿದ್ದರು, ಅದು ಮೇಲೆ ಬರುತ್ತಿತ್ತು.

ಅಂದು ಬೆಳಿಗ್ಗೆ ಹಗ್ಗದ ಕುಣಿಕೆ ಜಾರಿ ಹಿತ್ತಾಳೆ ಬಿಂದಿಗೆ ಬಾವಿಗೆ ಬಿದ್ದಿತ್ತು. ಬಿದ್ದ ಪಾತ್ರೆ ಎತ್ತಲು ಬಾವಿಯಿರುವ ಮನೆಗಳಲ್ಲಿ ಪಾತಾಳಗರಡಿ ಇಟ್ಟುಕೊಂಡಿರುತ್ತಾರೆ, ಸುತ್ತಲೂ ಕಬ್ಬಿಣದ ಕೊಕ್ಕೆಗಳಿರುವ ಗೊಂಚಲು. ಅದನ್ನು ಇಳಿಬಿಟ್ಟು ತಡಕಾಡಿದ್ದಾರೆ. ಏನೋ ಭಾರವಾಗಿ ಸಿಕ್ಕಿಕೊಂಡಿದೆ. ಬಿಂದಿಗೆಯೇ ಇರಬೇಕೆಂದು ಎಳೆದಿದ್ದಾರೆ. ಮೇಲೆ ಬಂದಾಗ ನೋಡಿದರೆ ಚಿಪ್ಪಿನ ಅಂಚು ಕೊಕ್ಕೆಗೆ ಸಿಕ್ಕಿ ನೇತಾಡುತ್ತಿದ್ದ ಗಂಗಿ. ಗಾಬರಿಯಲ್ಲಿ ಒಂದು ಕೈಯಲ್ಲಿ ಹಗ್ಗ ಹಿಡಿದು ಇನ್ನೊಂದರಲ್ಲಿ ಅದನ್ನು ಹಿಡಿಯಲು ಹೋಗಿದ್ದಾರೆ. ಒದ್ದೆ ಚಿಪ್ಪು ಜಾರಿ ಬಾವಿಕಟ್ಟೆಯ ಕಲ್ಲಿನ ಮೂಲೆಗೆ ಬಿದ್ದಿದೆ.

ಇಷ್ಟನ್ನೂ ಹೇಳಿದವರು ಡಾಕ್ಟರು. ಟೀಚರಮ್ಮ ಹೇಳಿದ್ದು ಒಂದೇ ಮಾತು. “ನನ್ನ ಕೈಯಿಂದ್ಲೇ ಬಿದ್ದಿದ್ದು.” ಬುಟ್ಟಿಯ ಹತ್ತಿರ ಅವರು ಬರಲಿಲ್ಲ, ಆಮೆಯನ್ನು ಮುಟ್ಟಲೂ ಇಲ್ಲ. ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದರು. ಪುರುಸೊತ್ತಿಲ್ಲ ಅನ್ನುವ ಮಾತು ನನ್ನ ಬಾಯಲ್ಲೇ ಉಳಿಯಿತು.

ಡಾಕ್ಟರು ಪ್ರಾಮಾಣಿಕ ಮನುಷ್ಯ. ಜೀವಮಾನವಿಡೀ ಹಸು, ಎಮ್ಮೆ, ಈಚೆಗೆ ಒಂದಿಷ್ಟು ನಾಯಿ ನೋಡಿದ್ದೇನೆ, ಆಮೆ ಇದೇ ಮೊದಲು ಎಂದು ಒಪ್ಪಿಕೊಂಡರು. ಹೊರದೇಶದ ಒಂದು ಪುಸ್ತಕದಿಂದ ನಾಲ್ಕು ಪುಟ ಜೆರಾಕ್ಸ್ ಮಾಡಿಸಿಕೊಂಡು ಬಂದಿದ್ದರು. ಸೀಳನ್ನು ತೊಳೆದು, ಮೇಲೆ ಗಟ್ಟಿಯಾಗುವ ಅಂಟಿನ ಪದರ ಹಾಕಿ, ನೀರು ಹೋಗದಂತೆ ಪೂರ್ತಿ ಮುಚ್ಚಬೇಕು, ಆರು ತಿಂಗಳು ಅದನ್ನು ಮುಟ್ಟಬಾರದು ಎಂದು ಅದರಲ್ಲಿತ್ತು. ಆ ಅಂಟು ಎಲ್ಲಿ ಸಿಗುತ್ತದೋ ತಿಳಿಯದೆ ಅವರಿಗೆ ನೆನಪಾದದ್ದು ನಾನು. ಅವರ ತಾಯಿಗೆ ಸೆಟ್ ಕಟ್ಟಿಕೊಟ್ಟಿದ್ದೆ.

ಅಷ್ಟರಲ್ಲಿ ಟೀಚರಮ್ಮನ ತಮ್ಮ ಬಂದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಅವರ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಇಂಥ ಪ್ರಾಣಿಗಳಿಗೆ ಮನುಷ್ಯನ ಕೈಯೇ ದೊಡ್ಡ ರೋಗ, ಮುಟ್ಟಿದಷ್ಟೂ ಹೆದರಿ ಕುಗ್ಗುತ್ತವೆ, ಊಟ ಬಿಡುತ್ತವೆ. ನೀರಿನ ಜೀವವನ್ನು ನೀರಿಗೆ ಬಿಟ್ಟರೆ ಅದರ ಚಿಪ್ಪು ಅದೇ ಕೂಡಿಸಿಕೊಳ್ಳುತ್ತದೆ ಎಂದು ವಾದಿಸಿದರು. ಬಾವಿಯಲ್ಲಿ ಸಾಕಿದ್ದೇ ತಪ್ಪು, ಕಾನೂನೂ ಒಪ್ಪುವುದಿಲ್ಲ ಎಂದೂ ಸೇರಿಸಿದರು. ಸೀಳಿದ ಗಾಯಕ್ಕೆ ಬಾವಿ ನೀರು ಹೋದರೆ ಮೂರು ದಿನ ಬದುಕುವುದಿಲ್ಲ ಅಂತ ಡಾಕ್ಟರು. ನಮ್ಮ ಮನೆಯೊಡತಿ ಕಿಟಕಿಯಿಂದಲೇ ಅರಿಶಿನ ಸುಣ್ಣ ಕಲಸಿ ಮೆತ್ತಿ ಅಂದರು. ಹತ್ತು ಜನಕ್ಕೆ ಹತ್ತು ಮಾತು. ಬುಟ್ಟಿಯಲ್ಲಿ ಗುಳ್ಳೆ ಎದ್ದು ಒಡೆಯುತ್ತಲೇ ಇತ್ತು. ನಾನು ಕೈ ತೊಳೆದುಕೊಂಡು ಬಂದೆ.

ಹಲ್ಲಿನ ಸೆಟ್ಟಿನ ಒಸಡು ಅಕ್ರಿಲಿಕ್‌ನದು. ಪುಡಿಯೊಂದಿಗೆ ಘಾಟು ವಾಸನೆಯ ದ್ರವ ಕಲಸಿದರೆ ಹಿಟ್ಟಾಗುತ್ತದೆ, ಆಮೇಲೆ ಕಲ್ಲಾಗುತ್ತದೆ. ಒಂದು ಬಗೆಯದನ್ನು ಕುದಿಯುವ ನೀರಲ್ಲಿ ಬೇಯಿಸಬೇಕು, ಅದು ಇಲ್ಲಿ ಆಗದ ಮಾತು. ಇನ್ನೊಂದು ಬಗೆ ತಾನಾಗಿಯೇ ಗಟ್ಟಿಯಾಗುತ್ತದೆ, ಆದರೆ ಗಟ್ಟಿಯಾಗುವಾಗ ಬೆರಳು ಸುಡುವಷ್ಟು ಬಿಸಿಯೇರುತ್ತದೆ. ಚಿಪ್ಪಿನ ಕೆಳಗೇ ಶ್ವಾಸಕೋಶ ಎಂದು ಮೇಷ್ಟ್ರು ಎಚ್ಚರಿಸಿದ್ದರು. ಹಾಗಾಗಿ ಒಂದೇ ಸಲ ದಪ್ಪಗೆ ಹಾಕದೆ, ಹಪ್ಪಳದಷ್ಟು ತೆಳುವಾದ ಐದು ಪದರ ಹಾಕಿದೆ. ಪ್ರತಿ ಪದರಕ್ಕೂ ತಣ್ಣೀರಿನ ಹತ್ತಿ ಒತ್ತಿ ಬಿಸಿ ಇಳಿಸಿದೆ. ಅಂಟು ಸಂದಿಯೊಳಗೆ ಇಳಿಯದಿರಲೆಂದು ಮೊದಲೇ ಸೀಳಿನುದ್ದಕ್ಕೂ ಮೇಣ ಸವರಿದ ಬಟ್ಟೆಯ ಪಟ್ಟಿ ಇಟ್ಟಿದ್ದೆ. ಡಾಕ್ಟರು ಗಾಯ ತೊಳೆದು, ಮುಂಗಾಲಿಗೆ ಇಂಜೆಕ್ಷನ್ ಕೊಟ್ಟು, ಪೂರ್ತಿ ಹೊತ್ತು ಆಮೆಯನ್ನು ಹಿಡಿದು ಕೂತರು.

ಒಸಡಿನ ಪುಡಿ ಗುಲಾಬಿ ಬಣ್ಣದ್ದು. ಕರಿ ಆಮೆಯ ಬೆನ್ನ ಮೇಲೆ ಗುಲಾಬಿ ತೇಪೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಮೇಲಿನ ಪದರಕ್ಕೆ ಬಣ್ಣ ಬೆರೆಸಿ, ಚಿಪ್ಪಿನ ಮೇಲಿದ್ದ ಗೆರೆಗಳನ್ನು ಸೂಜಿಯಿಂದ ಗೀರಿ, ಸೆಟ್ ಉಜ್ಜುವ ಮೋಟಾರಿನಲ್ಲಿ ಪಾಲಿಶ್ ಕೊಟ್ಟೆ. ಮುಗಿಸಿದಾಗ ಸೀಳು ಎಲ್ಲಿತ್ತೆಂದು ಹುಡುಕಬೇಕಿತ್ತು. ಮೇಷ್ಟ್ರೂ ಕನ್ನಡಕ ತೆಗೆದು ಬಗ್ಗಿ ನೋಡಿದರು. ನನಗೆ ಕೆಲಸ ಕೊಡುತ್ತಿದ್ದ ಹಲ್ಲಿನ ಡಾಕ್ಟರುಗಳು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ಚಿಪ್ಪು ಒಣ ಜಾಗದಲ್ಲಿರಬೇಕೆಂದು ಡಾಕ್ಟರು ಹೇಳಿದ್ದರಿಂದ ಆಮೆ ನನ್ನ ಕೋಣೆಯಲ್ಲೇ ಉಳಿಯಿತು. ಅಗಲವಾದ ಪ್ಲಾಸ್ಟಿಕ್ ಟಬ್ಬಿಗೆ ಹಳೆ ಪೇಪರ್ ಹಾಸಿ, ಮೇಲೊಂದು ಬಲ್ಬು ಇಳಿಬಿಟ್ಟೆ. ಟೀಚರಮ್ಮ ದಿನವೂ ಹನ್ನೊಂದಕ್ಕೆಲ್ಲ ಬಸ್ಸಿನಲ್ಲಿ ಬಂದು, ಸ್ಟೀಲಿನ ಡಬ್ಬಿಯಲ್ಲಿ ಅನ್ನ ತಂದುಕೊಟ್ಟು, ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದರು. ಅನ್ನವನ್ನು ಟಬ್ಬಿಗೆ ಹಾಕುತ್ತಿದ್ದವಳು ನಾನು. ಅವರು ಟಬ್ಬಿನ ಕಡೆಗೆ ಕೈ ಚಾಚಲೇ ಇಲ್ಲ.

ಗಂಗಿ ಅನ್ನವನ್ನು ಮೂಸಲೂ ಇಲ್ಲ. ನಾಲ್ಕು ದಿನ, ಆರು ದಿನ, ಎಂಟು ದಿನ. ಹೊಸ ಜಾಗ, ಚಳಿ ಬೇರೆ, ಅದಕ್ಕೇ ಎಂದರು ಡಾಕ್ಟರು. ಹಿಡಿದು ಹಿಡಿದು ಹೆದರಿಸಿದ್ದೀರಿ ಎಂದರು ಮೇಷ್ಟ್ರು. ಅನ್ನವೇನು ಆಮೆಯ ಆಹಾರವೇ, ಅದಕ್ಕೆ ಹುಳ ಬೇಕು, ಬಸವನ ಹುಳು ಬೇಕು ಎಂದೂ ಹೇಳಿದರು. ಟೀಚರಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ. ನಮ್ಮ ಮನೆಯಲ್ಲಿ ಬೆಳೆದದ್ದು, ಅದಕ್ಕೆ ಅದೆಲ್ಲ ಅಭ್ಯಾಸವಿಲ್ಲ ಎಂದು ತಮ್ಮನ ಮೇಲೆ ಸಿಡುಕಿದರು. ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ ಅವರದು. ಎಲ್ಲರೂ ಒಬ್ಬರ ಮೇಲೊಬ್ಬರು ತಪ್ಪು ಹಾಕಿದರು. ನನ್ನ ತೇಪೆಯ ಕಡೆ ಮಾತ್ರ ಯಾರೂ ಬೆರಳು ತೋರಿಸಲಿಲ್ಲ, ಅದು ಅಷ್ಟು ಚೆನ್ನಾಗಿತ್ತು.

ಹತ್ತನೇ ದಿನ ಬೆಳಿಗ್ಗೆ ಬೀಗ ತೆಗೆದು ಒಳಗೆ ಬಂದಾಗ ಒಂದು ವಾಸನೆ. ಬಹಳ ಸಣ್ಣಗೆ. ಬೇರೆಯವರಾಗಿದ್ದರೆ ಗಮನಿಸುತ್ತಿರಲಿಲ್ಲ. ಕೊಳೆತ ಹಲ್ಲಿನ ಅಚ್ಚುಗಳನ್ನು ವರ್ಷಗಟ್ಟಲೆ ಮೂಗಿನ ಕೆಳಗಿಟ್ಟುಕೊಂಡು ಕೆಲಸ ಮಾಡಿದವಳು ನಾನು, ಆ ವಾಸನೆಯ ಜಾತಕವೇ ಗೊತ್ತು. ಟಬ್ಬಿಗೆ ಬಗ್ಗಿ ತೇಪೆಯ ಅಂಚನ್ನು ಬೆರಳಿನಿಂದ ಒತ್ತಿದೆ. ಏನೂ ಹೊರಬರಲಿಲ್ಲ. ಆದರೆ ಗಂಗಿ ಆ ಬದಿಯ ಮುಂಗಾಲನ್ನು ಒಳಕ್ಕೆಳೆದುಕೊಂಡಿತು. ಇನ್ನೊಂದು ಬದಿ ಒತ್ತಿದರೆ ಎಳೆದುಕೊಳ್ಳಲಿಲ್ಲ. ಮೂರು ಸಲ ಪರೀಕ್ಷಿಸಿದೆ, ಮೂರು ಸಲವೂ ಹಾಗೆಯೇ.

ಡಾಕ್ಟರಿಗೆ ಫೋನ್ ಮಾಡಿದೆ. ಬಂದು ನೋಡಿ, ಹೊರಗೆ ಕೀವಿಲ್ಲವಲ್ಲ, ಪುಸ್ತಕದಲ್ಲಿ ಆರು ತಿಂಗಳು ಅಂದಿದೆಯಲ್ಲ ಎಂದು ತಲೆ ಕೆರೆದುಕೊಂಡರು. ಅಕ್ಕನ ಜೊತೆ ಬಂದ ಮೇಷ್ಟ್ರು, ಮೊದಲ ದಿನ ತೇಪೆಯೇ ಬೇಡವೆಂದಿದ್ದವರು, ಈಗ ಅದನ್ನು ತೆಗೆಯಬೇಡಿ ಎಂದರು. ಮತ್ತೆ ಕೊರೆದರೆ ಆ ಗಾಬರಿಗೇ ಸಾಯುತ್ತದೆ ಅಂತ. ಅವರ ಮಾತಿನಲ್ಲಿ ಸತ್ಯವಿರಲಿಲ್ಲ ಎಂದಲ್ಲ. ಕೊರೆಯುವ ಮೋಟಾರಿನ ಮೊನೆ ಸ್ವಲ್ಪ ಆಳಕ್ಕೆ ಹೋದರೆ ಸೀದಾ ಶ್ವಾಸಕೋಶ. ಇಬ್ಬರೂ ಟೀಚರಮ್ಮನ ಕಡೆ ತಿರುಗಿದರು. ಅವರು ನನ್ನ ಮುಖ ನೋಡಿದರು.

ಆ ತೇಪೆಯನ್ನು ಒಡೆಯಲು ನನಗೆ ಮನಸ್ಸಿರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಅಷ್ಟು ಚಂದದ ಕೆಲಸವನ್ನು ನಾನು ಅಲ್ಲಿಯವರೆಗೆ ಮಾಡಿರಲಿಲ್ಲ. ಆದರೆ ಹಲ್ಲಿನ ಕೆಲಸದಲ್ಲಿ ಮೊದಲ ವರ್ಷವೇ ಕಲಿಯುವ ಪಾಠ ಒಂದಿದೆ. ಅದನ್ನೇ ಡಾಕ್ಟರಿಗೆ ಹೇಳಿದೆ.

“ಕೀವು ಕಟ್ಟಿರೋ ಹಲ್ಲಿಗೆ ಯಾರಾದ್ರೂ ಮೇಲೆ ಮುಚ್ಚಳ ಹಾಕ್ತಾರಾ ಸರ್? ನಾನು ಹಾಕಿದೀನಿ. ತೆಗಿಯೋಳೂ ನಾನೇ.”

ಟೀಚರಮ್ಮ ಆಗಲಿ ಎಂದು ತಲೆಯಾಡಿಸಿದರು. ಡಾಕ್ಟರು ಕೋಟು ತೆಗೆದು ಮೊಳೆಗೆ ನೇತುಹಾಕಿ ತೋಳು ಮಡಚಿಕೊಂಡರು. ಮೇಷ್ಟ್ರು ಹೊರಗೆ ಹೋಗಿ ಹಿತ್ತಲಲ್ಲಿ ಅಡ್ಡಾಡತೊಡಗಿದರು.

ಇಡೀ ತೇಪೆಯನ್ನು ಕಿತ್ತರೆ ಚಿಪ್ಪಿನ ಮೇಲ್ಪದರವೂ ಜೊತೆಗೆ ಬರುತ್ತದೆ. ಆದ್ದರಿಂದ ಸೀಳಿನ ಎರಡೂ ಬದಿಗೆ, ಮೇಣದ ಪಟ್ಟಿಯ ಅಂಚಿನಗುಂಟ, ಎರಡು ಗೆರೆ ಕೊರೆದು ನಡುವಿನ ಭಾಗವನ್ನು ಎತ್ತುವುದೆಂದು ನಿಶ್ಚಯಿಸಿದೆ. ಮೊನೆಯ ಮೇಲೆ ಅಳತೆಗೆಂದು ಕೆಂಪು ದಾರ ಸುತ್ತಿದೆ. ದಾರ ಮುಟ್ಟಿದರೆ ನಿಲ್ಲಿಸಬೇಕು. ಮೊದಲ ಗೆರೆ ಸಲೀಸಾಗಿ ಮುಗಿಯಿತು. ಎರಡನೆಯದು ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಕಾಯುತ್ತ ಕೂರೋಣವೆಂದರೆ ಗಂಗಿ ಕಾಲು ಬಡಿಯಲು ಶುರುಮಾಡಿತ್ತು, ಡಾಕ್ಟರ ಕೈ ಸೋಲುತ್ತಿತ್ತು. ಮೇಣ ಕೆತ್ತುವ ಚಾಕುವಿನಿಂದ ಉಳಿದ ಗೆರೆಯನ್ನು ಕೈಯಲ್ಲೇ ಕೆರೆದೆ. ಅರ್ಧ ಗಂಟೆಯಾದರೂ ಹಿಡಿದಿರಬೇಕು. ಕೊನೆಗೆ ತೇಪೆ ಟಕ್ಕೆಂದು ಎದ್ದಿತು.

ವಾಸನೆ ಕೋಣೆಯಿಡೀ ತುಂಬಿತು. ಆಮೆಯ ಕೀವು ನಮ್ಮ ಕೀವಿನಂತೆ ಹರಿಯುವುದಿಲ್ಲ ಎಂಬುದು ನನಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ. ಒಡೆದ ಹಾಲನ್ನು ಹಿಂಡಿದಂತೆ ಗಟ್ಟಿಯಾಗಿ, ಹಳದಿಯಾಗಿ ಸೀಳಿನುದ್ದಕ್ಕೂ ಕೂತಿತ್ತು. ಹೊರಗೆ ಬರಬೇಕೆಂದರೂ ಅದಕ್ಕೆ ದಾರಿಯಿರಲಿಲ್ಲ. ಇನ್ನೊಂದು ವಾರ ಬಿಟ್ಟಿದ್ದರೆ ಮುಗಿಯುತ್ತಿತ್ತು ಎಂದು ಡಾಕ್ಟರು ಮೆಲ್ಲಗೆ ಅಂದರು. ನನ್ನ ಸಣ್ಣ ಚಮಚದಂಥ ಉಪಕರಣದಿಂದ ಅವರೇ ಅದನ್ನು ಚೂರು ಚೂರಾಗಿ ತೆಗೆದು, ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮತ್ತೆ ಮತ್ತೆ ತೊಳೆದರು. ಗುಳ್ಳೆ ಮಾತ್ರ ಈಗ ಏಳುತ್ತಿರಲಿಲ್ಲ, ಒಳಗಿನ ಪೊರೆ ಕೂಡಿಕೊಂಡಿತ್ತು. ಅದೊಂದು ಪುಣ್ಯ.

ಈಗ ಸೀಳು ತೆರೆದೇ ಇರಬೇಕು, ದಿನಾ ತೊಳೆಯುವಂತಿರಬೇಕು. ಆದರೆ ಎರಡು ಅಂಚು ಅಲುಗಾಡಬಾರದು, ಕುಸಿದ ಅಂಚು ಮೇಲೆಯೂ ಬರಬೇಕು. ಮಕ್ಕಳ ಸೊಟ್ಟ ಹಲ್ಲಿಗೆ ತಂತಿ ಹಾಕುವಾಗ ನಾವು ಮಾಡುವುದು ಇದನ್ನೇ. ಸೀಳಿನ ಒಂದೊಂದು ಬದಿಗೆ ಮೂರು ಮೂರು ಗುಂಡಿಯಂಥ ಅಕ್ರಿಲಿಕ್ ಗುಬಟು ಅಂಟಿಸಿ, ಪ್ರತಿಯೊಂದರಲ್ಲೂ ತಂತಿಯ ಕೊಕ್ಕೆ ಹುದುಗಿಸಿದೆ. ಎದುರುಬದುರು ಕೊಕ್ಕೆಗಳಿಗೆ ಸ್ಟೀಲಿನ ಸಣ್ಣ ತಂತಿ ಸುತ್ತಿ ಇಕ್ಕಳದಿಂದ ತಿರುಚಿದೆ. ಬಣ್ಣ ಬೆರೆಸುವ ವ್ಯವಧಾನ ಯಾರಿಗಿತ್ತು? ಆರೂ ಗುಬಟು ಒಸಡಿನ ಗುಲಾಬಿ ಬಣ್ಣದವೇ. ನೋಡಲು ಅಸಹ್ಯವಾಗಿತ್ತು. ಈ ಸಲ ಯಾರನ್ನೂ ಕರೆದು ತೋರಿಸಲಿಲ್ಲ.

ಎರಡು ದಿನಕ್ಕೊಮ್ಮೆ ಕಾಲು ಸುತ್ತು, ಅಷ್ಟೇ, ತಂತಿ ಬಿಗಿ ಮಾಡುತ್ತಿದ್ದೆ. ಡಾಕ್ಟರು ದಿನವೂ ಬಂದು ಗಾಯ ತೊಳೆದು ಕಂದು ಬಣ್ಣದ ಔಷಧಿ ಹಾಕುತ್ತಿದ್ದರು. ವಾಸನೆ ಹೋಯಿತು. ಊಟ ಮಾತ್ರ ಇನ್ನೂ ಇಲ್ಲ. ಕುತ್ತಿಗೆಯ ಚರ್ಮ ಜೋತುಬಿದ್ದಿತ್ತು. ಟೀಚರಮ್ಮ ಇಲ್ಲದ ಹೊತ್ತಿನಲ್ಲಿ ನಾನು ಮನೆಯೊಡತಿಯ ಹೂಕುಂಡ ಕೆದಕಿ ಎರಡು ಎರೆಹುಳ ಹಾಕಿ ನೋಡಿದೆ. ನಮ್ಮ ಮನೆಯಲ್ಲಿ ಮೀನು ಮಾಂಸಕ್ಕೆ ಅಡ್ಡಿಯಿಲ್ಲ, ನನಗೆ ಹುಳ ಮುಟ್ಟಲು ಹೇಸಿಗೆಯೂ ಇಲ್ಲ. ಗಂಗಿ ಕಣ್ಣೆತ್ತಿಯೂ ನೋಡಲಿಲ್ಲ.

ಗಂಟು ಬಿಡಿಸಿದವರು ಟೀಚರಮ್ಮ, ಅದೂ ತಮಗೆ ಗೊತ್ತಿಲ್ಲದೆಯೇ. ಸ್ಟೂಲಿನ ಮೇಲೆ ಕೂತು ಹಳೆಯದನ್ನೆಲ್ಲ ನೆನೆಯುತ್ತ, ಹೂಳು ತೆಗೆಸುವಾಗ ಬಾವಿಕಟ್ಟೆಯ ಮೇಲೆ ಎತ್ತಿಟ್ಟು ಅನ್ನ ಕೊಟ್ಟರೆ ಗಂಗಿ ಯಾವತ್ತೂ ತಿನ್ನುತ್ತಿರಲಿಲ್ಲ, ತುತ್ತು ಕಚ್ಚಿಕೊಂಡು ತಲೆ ನೀರಿನೊಳಗೆ ಮುಳುಗಿಸಿದರೆ ಮಾತ್ರ ನುಂಗುತ್ತಿತ್ತು ಎಂದರು. ನಾನು ಡಾಕ್ಟರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಒಣಗಿರಲಿ ಎಂಬ ನಮ್ಮ ಶಿಸ್ತಿನಲ್ಲಿ ಅದಕ್ಕೆ ನುಂಗಲಾಗದಂತೆ ಮಾಡಿದ್ದೆವು. ಬೋಗುಣಿಯಲ್ಲಿ ಎರಡು ಬೆರಳಿನಷ್ಟು ನೀರು ಹಾಕಿ, ಬೆನ್ನಿನ ಸೀಳಿಗೆ ತಾಕದಂತೆ ಗಂಗಿಯನ್ನು ಇಳಿಸಿದೆ. ಅಂದು ಟೀಚರಮ್ಮ ಹೋದ ಮೇಲೆ ಎರೆಹುಳ ಹಾಕಿದೆ. ಸ್ವಲ್ಪ ಹೊತ್ತು ನೋಡಿತು. ಆಮೇಲೆ ಕುತ್ತಿಗೆ ಚಾಚಿ ಕಚ್ಚಿ, ತಲೆ ಮುಳುಗಿಸಿ ನುಂಗಿತು. ಇನ್ನೊಂದು ಹಾಕಿದೆ. ಅದನ್ನೂ ನುಂಗಿತು. ಕೋಣೆಯಲ್ಲಿ ಒಬ್ಬಳೇ ಇದ್ದೆ, ಖುಷಿಗೆ ಕಣ್ಣಲ್ಲಿ ನೀರು ಬಂತು.

ಮಾರನೇ ದಿನ ಟೀಚರಮ್ಮ ಬಂದಾಗ, ತಿಂತು ಅಂದೆ. ಅವರ ಮುಖ ಅರಳಿತು. ಏನು ತಿಂತು ಎಂದು ಕೇಳಿದರು. ಅನ್ನ ಎಂದು ಹೇಳಿ ಸಂತೋಷಪಡಿಸಬಹುದಿತ್ತು. ನನ್ನ ನಾಲಿಗೆಗೆ ಅಂಥ ನಯ ಬರುವುದಿಲ್ಲ. ಎರೆಹುಳ ಅಂದೆ. ಅವರು ಡಬ್ಬಿಯ ಮುಚ್ಚಳ ಹಾಕಿ ಎದ್ದು ಹೋದರು. ಇನ್ನು ಬರುವುದಿಲ್ಲ ಅಂದುಕೊಂಡೆ.

ಮರುದಿನ ಹನ್ನೊಂದಕ್ಕೇ ಬಂದರು. ಕೈಯಲ್ಲಿ ಬಾಳೆಎಲೆಯ ಪೊಟ್ಟಣ. ತೆರೆದು ನೋಡಿದರೆ ಒದ್ದೆ ಮಣ್ಣು, ಮಣ್ಣಿನಲ್ಲಿ ಹತ್ತು ಹನ್ನೆರಡು ಎರೆಹುಳ. ಬೆಳಗಿನ ಪೂಜೆ ಮುಗಿಸಿ, ಹಿತ್ತಲಲ್ಲಿ ಬಾಳೆಗಿಡದ ಬುಡವನ್ನು ತೆಂಗಿನ ಚಿಪ್ಪಿನಿಂದ ತಾವೇ ಅಗೆದು ತಂದಿದ್ದರು. ಮೈಯೆಲ್ಲ ಮುಳ್ಳೆದ್ದಿತು, ಆಮೇಲೆ ಎರಡನೇ ಸಲ ಸ್ನಾನ ಮಾಡಿ ಬಂದೆ ಎಂದು ತಾವೇ ನಕ್ಕರು. ಅಲ್ಲಿಯವರೆಗೆ ನನ್ನನ್ನು ನೀವು ಎನ್ನುತ್ತಿದ್ದವರು ಅಂದು ನೀನು ಅಂದರು.

“ನಾನು ತಿನ್ನೋದನ್ನೇ ಅದಕ್ಕೂ ಹಾಕ್ತಿದ್ದೆ ಕಣಮ್ಮ. ಅದಕ್ಕೇನು ಬೇಕು ಅಂತ ಯಾವತ್ತೂ ಕೇಳ್ಲಿಲ್ಲ. ನೀನು ಕೇಳ್ದೆ.”

ಸಂಕ್ರಾಂತಿಯ ಹೊತ್ತಿಗೆ ಕುಸಿದಿದ್ದ ಅಂಚು ಮೇಲೆದ್ದು ಇನ್ನೊಂದಕ್ಕೆ ಸಮವಾಯಿತು. ಉಗುರು ಆಡಿಸಿ ನೋಡಿದರೆ ಏರುಪೇರು ತಿಳಿಯುತ್ತಿರಲಿಲ್ಲ. ಬಲ್ಬಿನ ಶಾಖಕ್ಕಿಂತ ಬಿಸಿಲು ಒಳ್ಳೆಯದೆಂದು ಮೇಷ್ಟ್ರು ಹೇಳಿದ್ದರಿಂದ ಬೆಳಗಿನ ಹೊತ್ತು ಟಬ್ಬನ್ನು ಹಿತ್ತಲಿಗೆ ತಂದಿಡುತ್ತಿದ್ದೆ. ಮೇಷ್ಟ್ರ ಆ ಮಾತು ನೂರಕ್ಕೆ ನೂರು ಸರಿಯಾಗಿತ್ತು. ಮೊದಲ ದಿನವೇ ಗಂಗಿ ಕುತ್ತಿಗೆಯನ್ನು ಪೂರ್ತಿ ಹೊರಚಾಚಿ, ನಾಲ್ಕೂ ಕಾಲನ್ನು ಚೆಲ್ಲಿಕೊಂಡು, ಹಿಂಗಾಲಿನ ಬೆರಳುಗಳನ್ನೂ ಅಗಲಿಸಿ ಕಣ್ಣು ಮುಚ್ಚಿತು. ಟೀಚರಮ್ಮ ಅದನ್ನು ನೋಡುತ್ತ ಬಹಳ ಹೊತ್ತು ಕೂತಿದ್ದರು. ಬಾವಿಯೊಳಗೆ ಬಿಸಿಲು ಬೀಳುತ್ತಿತ್ತಾ ಎಂದು ಕೇಳಿದೆ. ಮಧ್ಯಾಹ್ನ ಸ್ವಲ್ಪ ಹೊತ್ತು ನೀರಿನ ಮೇಲೆ ಬೀಳುತ್ತೆ, ಆದರೆ ಹತ್ತಿ ಕೂರಲು ಜಾಗವಿಲ್ಲ ಅಂದರು.

ಶಿವರಾತ್ರಿ ಕಳೆದ ಮೇಲೆ ತಂತಿ ಕತ್ತರಿಸಿ, ಗುಬಟುಗಳನ್ನು ಒಂದೊಂದಾಗಿ ಸವೆಸಿ ತೆಗೆದೆ. ಸೀಳಿದ್ದ ಜಾಗದಲ್ಲಿ ಹೊಸದಾಗಿ ಬೆಳೆದ ಬಿಳಿಚು ಗೆರೆ, ಅಕ್ಕಪಕ್ಕದಲ್ಲಿ ಆರು ಕಡೆ ಗುಲಾಬಿ ಛಾಯೆ. ಅದು ಎಷ್ಟು ಉಜ್ಜಿದರೂ ಹೋಗಲಿಲ್ಲ. ಆದರೆ ನಿಜವಾದ ಪರೀಕ್ಷೆ ಇನ್ನೂ ಬಾಕಿಯಿತ್ತು. ಒಂದು ಬದಿಯ ಶ್ವಾಸಕೋಶ ಕೆಟ್ಟಿದ್ದರೆ ಆಮೆ ನೀರಲ್ಲಿ ಒಂದು ಕಡೆ ವಾಲಿಕೊಂಡು ತೇಲುತ್ತದೆ, ಮುಳುಗಲು ಆಗುವುದಿಲ್ಲ, ಅಂಥದ್ದು ಬಹಳ ದಿನ ಬದುಕುವುದಿಲ್ಲ ಎಂದು ಮೇಷ್ಟ್ರು ವಿವರಿಸಿದರು.

ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಎದೆಯೆತ್ತರದ ಸಿಮೆಂಟ್ ತೊಟ್ಟಿಯಿತ್ತು. ಅದನ್ನು ತಿಕ್ಕಿ ತೊಳೆದು ತುಂಬಿಸಿದೆವು. ನಾಲ್ವರೂ ಸುತ್ತ ನಿಂತೆವು. ನಾನು ಗಂಗಿಯನ್ನು ನೀರಿನ ಮೇಲಿಟ್ಟು ಕೈ ತೆಗೆದೆ. ಒಂದು ಕ್ಷಣ ತೇಲಿತು, ಎಡಕ್ಕೆ ಕೊಂಚ ಓಲಿತು. ಟೀಚರಮ್ಮ ಕಣ್ಣು ಮುಚ್ಚಿಕೊಂಡರು. ಗಂಗಿ ನಾಲ್ಕೂ ಕಾಲು ಬೀಸಿ, ತಲೆ ಕೆಳಗೆ ಮಾಡಿ, ಸರಕ್ಕನೆ ತಳಕ್ಕಿಳಿಯಿತು. ತಳದಲ್ಲಿ ಗೋಡೆಗುಂಟ ಒಂದು ಸುತ್ತು ನಡೆಯಿತು. ಆಮೇಲೆ ನೆಟ್ಟಗೆ ಮೇಲೆ ಬಂದು, ಮೂಗಿನ ತುದಿಯಷ್ಟೇ ಹೊರಗೆ ಹಾಕಿ ಉಸಿರೆಳೆದುಕೊಂಡು, ಮತ್ತೆ ನೆಟ್ಟಗೆ ಇಳಿಯಿತು. ಡಾಕ್ಟರು ಕನ್ನಡಕ ಒರೆಸಿಕೊಂಡರು. ಮೇಷ್ಟ್ರು ನನ್ನ ಕಡೆ ತಿರುಗಿ ಕೈ ಮುಗಿದರು. ನನಗೆ ಹೆಮ್ಮೆಯಾಯ್ತು. ಮುಚ್ಚುಮರೆ ಯಾಕೆ, ಎದೆ ಬಿರಿಯುವಷ್ಟು ಹೆಮ್ಮೆಯಾಯ್ತು. ನೂರಾರು ಬಾಯಿಗೆ ಹಲ್ಲು ಕಟ್ಟಿದ್ದೇನೆ, ಯಾರೂ ಅಷ್ಟು ಚಂದ ಮುಳುಗಿ ಎದ್ದು ತೋರಿಸಿರಲಿಲ್ಲ.

ಇನ್ನು ಎಲ್ಲಿಗೆ ಎಂಬ ಪ್ರಶ್ನೆ. ಮೇಷ್ಟ್ರು ಕೆರೆಗೆ ಅಂದರು. ಊರಿನ ಕೆರೆಗಳ ನೀರು ಎಷ್ಟು ಕೊಳಕೆಂದು ಯಾರಿಗೆ ಗೊತ್ತಿಲ್ಲ, ಅದಕ್ಕಿಂತ ಊರಾಚೆ ಅರಣ್ಯದವರು ನೋಡಿಕೊಳ್ಳುವ ಪ್ರಾಣಿಗಳ ಕೇಂದ್ರದಲ್ಲಿ ಕೊಳವಿದೆ ಅಂದರು ಡಾಕ್ಟರು. ಮೊದಲ ವಾರವೇ ಅವರು ಅಲ್ಲಿಗೆ ವಿಷಯ ತಿಳಿಸಿಟ್ಟಿದ್ದರು. ನನ್ನ ಮನಸ್ಸಿನಲ್ಲಿದ್ದದ್ದು ಬಾವಿಯೇ. ಇಷ್ಟು ದಿನ ಬಸ್ಸು ಹತ್ತಿ ಬಂದವರ ಕೈಗೆ ಅವರ ಗಂಗಿಯನ್ನು ವಾಪಸು ಕೊಡಬೇಕೆಂದು ನಾನು ಆಸೆಪಟ್ಟಿದ್ದೆ. ಹಾಗೆಂದು ಹೇಳಿಯೂ ಬಿಟ್ಟೆ. ಟೀಚರಮ್ಮ ತೊಟ್ಟಿಯೊಳಗೇ ನೋಡುತ್ತ ಉತ್ತರಿಸಿದರು.

“ಬಾವಿಗೆ ಬೇಡ. ಮೂವತ್ತು ವರ್ಷ ಬಿಸಿಲು ತೋರಿಸ್ಲಿಲ್ಲ ನಾನು ಅದಕ್ಕೆ. ಚೆನ್ನಾಗಿ ನೋಡ್ಕೊತಿದೀನಿ ಅಂತ್ಲೇ ಅಂದ್ಕೊಂಡಿದ್ದೆ.”

ಯುಗಾದಿಯ ನಂತರದ ಒಂದು ಭಾನುವಾರ ಡಾಕ್ಟರ ಹಳೆ ಕಾರಿನಲ್ಲಿ ಹೋದೆವು. ಬಿದಿರಿನ ಬುಟ್ಟಿ ಟೀಚರಮ್ಮನ ತೊಡೆಯ ಮೇಲಿತ್ತು. ಕೊಳ ದೊಡ್ಡದೇನಲ್ಲ, ಇಳಿಜಾರಾದ ಮಣ್ಣಿನ ದಂಡೆ, ನೀರಿನಲ್ಲಿ ಅರ್ಧ ಮುಳುಗಿದ ಮರದ ದಿಮ್ಮಿ, ಅದರ ಮೇಲೆ ಸಾಲಾಗಿ ಬಿಸಿಲು ಕಾಯಿಸುತ್ತಿದ್ದ ಏಳೆಂಟು ಆಮೆ. ಅಲ್ಲಿನ ನೌಕರ ಬುಟ್ಟಿ ತೆಗೆದುಕೊಳ್ಳಲು ಕೈ ಚಾಚಿದ. ಟೀಚರಮ್ಮ ಕೊಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಣಿ ಸರಿಸಿ, ಕಾರ್ತಿಕದಿಂದ ಈಚೆಗೆ ಮೊದಲ ಬಾರಿಗೆ ಗಂಗಿಯನ್ನು ಮುಟ್ಟಿದರು. ಹೊಟ್ಟೆಯಡಿ ಎರಡೂ ಅಂಗೈ ಕೊಟ್ಟು, ಹೆಬ್ಬೆರಳುಗಳನ್ನು ಗೆರೆಯ ಆಚೀಚೆ ಇಟ್ಟು ಎತ್ತಿಕೊಂಡರು. ಗಂಗಿ ಕಾಲು ಬಡಿಯಿತು. ಅವರು ಬಿಗಿಯಾಗಿ ಹಿಡಿದುಕೊಂಡೇ ದಂಡೆ ಇಳಿದರು. ನೌಕರ ಚಿಪ್ಪಿನ ಮೇಲಿನ ಗುಲಾಬಿ ಗುರುತುಗಳನ್ನು ನೋಡಿ, ಇದನ್ನು ಕೂಡಿಸಿದ ಡಾಕ್ಟರು ಯಾರು ಎಂದು ಕೇಳಿದ. ನಮ್ಮ ಡಾಕ್ಟರು ಬಾಯಿ ತೆಗೆಯುವ ಮುಂಚೆಯೇ ಟೀಚರಮ್ಮ, ಡಾಕ್ಟರಲ್ಲ, ಇವಳು ಎಂದು ಗದ್ದದಿಂದಲೇ ನನ್ನ ಕಡೆ ತೋರಿಸಿದರು.

ನೀರಿನಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಗಂಗಿಯನ್ನು ಮೆಲ್ಲನೆ ಕೆಸರಿಗೆ ತಾಕಿಸಿದರು. ನಾಲ್ಕೂ ಕಾಲು ನೆಲ ಹಿಡಿದ ಮೇಲೆಯೇ ಕೈ ಬಿಟ್ಟರು. ಅದು ನಡೆದುಕೊಂಡು ಹೋಗಿ ನೀರಿಗಿಳಿಯಿತು, ಬೆನ್ನಿನ ಬಿಳಿ ಗೆರೆ ಸ್ವಲ್ಪ ದೂರ ಕಂಡು ಮರೆಯಾಯಿತು. ಟೀಚರಮ್ಮ ಕೆಸರಾದ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಈ ಸಲ ಬೀಳಿಸ್ಲಿಲ್ಲ ನೋಡು,” ಅಂದರು.